ಬೇಲಿಗೂ ಹಸಿವಿದೆ

ಪ್ರಶ್ನೆ: ನಾನು ಒಂದು ಕಾದಂಬರಿ ಬರೆಯುತ್ತಿದ್ದೇನೆ. 200 ವರ್ಷದಿಂದ ಒಂದೇ ಮನೆತನವನ್ನು ಕಾಯುತ್ತಿರುವ ವ್ಯಾಂಪೈರ್ ಅದರ ನಾಯಕ. ಈಗ ಆ ಮನೆಯಲ್ಲಿ ಅಜ್ಜಿ, ಅವಳ ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು ಇದ್ದಾರೆ. ಮಾಟಗಾತಿಯರು, ತೋಳಮಾನವರು, ಬೇರೆ ವ್ಯಾಂಪೈರ್‌ಗಳು ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ. ಅವನು ಎಲ್ಲರನ್ನೂ ಬಡಿದು ಓಡಿಸುತ್ತಾನೆ. ಹತ್ತು ಅಧ್ಯಾಯ ಓದಿದ ಗೆಳೆಯರೊಬ್ಬರು, "ರಕ್ತ ಕುಡಿಯೋನು ಮನೆ ಯಾಕೆ ಕಾಯ್ತಾನೆ? ಅಲ್ಲದೆ ನನಗೆ ಎಲ್ಲೂ ಭಯವೇ ಆಗಲಿಲ್ಲ" ಎಂದರು. ಇಂಥ ಕಾವಲುಗಾರನಿಗೆ ಜಾನಪದದಲ್ಲಿ ಆಧಾರ ಇದೆಯೇ? ಭಯ ತರುವುದು ಹೇಗೆ? ಕೊನೆಯಲ್ಲಿ ಅವನನ್ನು ಮನುಷ್ಯನನ್ನಾಗಿ ಮಾಡಬಹುದೇ?

ಉತ್ತರ: ನಿಮ್ಮ ಗೆಳೆಯರ ಮೇಲೆ ಸಿಟ್ಟಾಗಬೇಡಿ. ಅವರು ಎರಡು ದೂರು ಹೇಳಿದ್ದಾರೆ ಅಂತ ನಿಮಗೆ ಅನಿಸಿರಬಹುದು. ನನಗೆ ಕಾಣುವುದು ಒಂದೇ ದೂರು. ಅವನು ಯಾಕೆ ಕಾಯುತ್ತಾನೆ ಅನ್ನುವುದು ಗೊತ್ತಾದರೆ ಭಯ ಎಲ್ಲಿಂದ ಬರಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಜಾನಪದ ನೋಡೋಣ. ಅಲ್ಲಿ ನಿಮಗೆ ಸ್ವಲ್ಪ ನಿರಾಸೆ ಕಾದಿದೆ. ಹಳೆಯ ಹಳ್ಳಿ ಕಥೆಗಳ ವ್ಯಾಂಪೈರ್ ಅರಮನೆಯಲ್ಲಿ ಕೂತ ಶ್ರೀಮಂತ ಅಲ್ಲ. ಅವನು ಮೊನ್ನೆ ಸತ್ತ ಪಕ್ಕದ ಮನೆಯವನು. ಅವನು ಎದ್ದು ಬಂದರೆ ಮೊದಲು ಹೋಗುವುದು ಎಲ್ಲಿಗೆ? ತನ್ನ ಮನೆಗೇ. ಹೆಂಡತಿ, ಮಕ್ಕಳು, ಅಣ್ಣ ತಮ್ಮಂದಿರು. ಆಮೇಲೆ ಅಕ್ಕಪಕ್ಕದವರು. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುತ್ತೇವಲ್ಲ, ಇವನು ಅದರಲ್ಲಿ ಮೊದಲ ಅರ್ಧ ಮಾತ್ರ.

1725ರಲ್ಲಿ ಸರ್ಬಿಯಾದ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಪೆಟಾರ್ ಬ್ಲಾಗೊಯೆವಿಚ್ ಎಂಬ ರೈತ ಸತ್ತ. ಆಗ ಆ ಸೀಮೆ ಆಸ್ಟ್ರಿಯಾದ ಕೈಯಲ್ಲಿತ್ತು. ಹಾಗಾಗಿ ಅಧಿಕಾರಿಯೊಬ್ಬ ಸ್ಥಳಕ್ಕೆ ಹೋಗಿ ವರದಿ ಬರೆದ. ಅದು ಅದೇ ವರ್ಷ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು. ಎಂಟು ದಿನದಲ್ಲಿ ಒಂಬತ್ತು ಜನ ಸತ್ತಿದ್ದರು. ಪೆಟಾರ್ ನಿದ್ದೆಯಲ್ಲಿ ಬಂದು ಕುತ್ತಿಗೆ ಹಿಸುಕಿದ ಎಂದು ಸಾಯುವ ಮೊದಲು ಅವರು ಹೇಳಿದ್ದರಂತೆ. ಊರವರು ಗೋರಿ ಅಗೆದು, ಎದೆಗೆ ಗೂಟ ಹೊಡೆದು, ಹೆಣ ಸುಟ್ಟರು. ಇದೆಲ್ಲ ನಿಮಗೆ ಗೊತ್ತಿರುವ ಬಗೆಯ ಕಥೆಯೇ. ಆದರೆ ಆ ವರದಿಯಲ್ಲಿ ಒಂದು ಸಣ್ಣ ವಿವರ ಇದೆ. ನಾನು ಎಷ್ಟೋ ಸಲ ಅಲ್ಲಿಗೇ ವಾಪಸ್ ಹೋಗುತ್ತೇನೆ. ಪೆಟಾರನ ಹೆಂಡತಿ ಹೇಳಿದ್ದು ಏನು ಗೊತ್ತೇ? ಅವನು ರಾತ್ರಿ ಬಂದು ತನ್ನ ಚಪ್ಪಲಿ ಕೇಳಿದ. ಅಷ್ಟೇ. ಅವಳು ಊರು ಬಿಟ್ಟು ಬೇರೆ ಊರಿಗೆ ಹೋದಳು.

ಚಪ್ಪಲಿ ಕೇಳಲು ಬಂದ ಗಂಡ! ರಕ್ತ ಇಲ್ಲ, ಕೋರೆಹಲ್ಲು ಇಲ್ಲ. ಸತ್ತವನಿಗೆ ತಾನು ಇನ್ನೂ ಆ ಮನೆಯವನೇ ಎಂಬ ಭಾವನೆ ಹೋಗಿಲ್ಲ. ನನ್ನನ್ನು ಕೇಳಿದರೆ ಒಂಬತ್ತು ಹೆಣಕ್ಕಿಂತ ಈ ಚಪ್ಪಲಿಯೇ ಜಾಸ್ತಿ ಭಯ ಹುಟ್ಟಿಸುತ್ತದೆ.

ಇದಕ್ಕಿಂತ ಹಳೆಯದು ಈಗಿನ ಕ್ರೊಯೇಷಿಯಾದಲ್ಲಿರುವ ಇಸ್ಟ್ರಿಯಾ ಸೀಮೆಯ ಕ್ರಿಂಗಾ ಊರಿನ ಯೂರೆ ಗ್ರಾಂಡೊನ ಕಥೆ. ಅವನು ಸತ್ತದ್ದು 1656ರಲ್ಲಿ. ಹದಿನಾರು ವರ್ಷ ಊರಲ್ಲಿ ಓಡಾಡಿದ ಎಂದು ನಂಬಿಕೆ. ಅವನು ಯಾರ ಬಾಗಿಲು ತಟ್ಟುತ್ತಾನೋ ಆ ಮನೆಯಲ್ಲಿ ಸಾವು. ರಾತ್ರಿ ವಿಧವೆ ಹೆಂಡತಿಯ ಹತ್ತಿರವೂ ಬರುತ್ತಿದ್ದನಂತೆ. 1672ರಲ್ಲಿ ಒಂಬತ್ತು ಜನ ಸೇರಿ ಗೋರಿ ತೆಗೆದರು. ಗೂಟ ಎದೆಗೆ ಇಳಿಯಲಿಲ್ಲ, ಕೊನೆಗೆ ತಲೆ ಕಡಿದರು. ವಾಲ್ವಾಸೊರ್ ಎಂಬ ವಿದ್ವಾಂಸ 1689ರಲ್ಲಿ ಇದನ್ನು ಬರೆದಿಟ್ಟ.

ಈ ನಂಬಿಕೆ ಮನೆಯ ಸುತ್ತಲೇ ಯಾಕೆ ಸುತ್ತುತ್ತದೆ? ಕಾರಣ ತುಂಬಾ ಸರಳ. ಅಂಟುರೋಗ ಮೊದಲು ಹರಡುವುದು ಒಂದೇ ಸೂರಿನಡಿ ಇರುವವರಿಗೆ. ಅಮೆರಿಕದ ರೋಡ್ ಐಲೆಂಡ್‌ನ ಎಕ್ಸೆಟರ್‌ನಲ್ಲಿ ಬ್ರೌನ್ ಕುಟುಂಬಕ್ಕೆ ಕ್ಷಯ ತಗುಲಿತ್ತು. ತಾಯಿ ಹೋದಳು, ಹಿರಿಯ ಮಗಳು ಹೋದಳು. 1892ರ ಜನವರಿಯಲ್ಲಿ 19 ವರ್ಷದ ಮರ್ಸಿ ಹೋದಳು. ಅವಳ ಅಣ್ಣ ಎಡ್ವಿನ್ ಹಾಸಿಗೆ ಹಿಡಿದಿದ್ದ. ಊರವರು ಗೋರಿಗಳನ್ನು ತೆರೆದು ನೋಡಿದರು. ಚಳಿಗಾಲದಲ್ಲಿ ಸತ್ತ ಮರ್ಸಿಯ ದೇಹ ಕೆಟ್ಟಿರಲಿಲ್ಲ. ಅದೇ ಸಾಕ್ಷಿ ಆಯಿತು. ಅವಳ ಹೃದಯ ಸುಟ್ಟು, ಬೂದಿ ಕಲಸಿ ಅಣ್ಣನಿಗೆ ಕುಡಿಸಿದರು. ಎರಡು ತಿಂಗಳಲ್ಲಿ ಅವನೂ ಹೋದ. ತಂಗಿಯ ಎದೆಯ ಬೂದಿ ಅಣ್ಣನಿಗೆ ಮದ್ದು! ಇದಕ್ಕಿಂತ ಘೋರವಾದ ಮನೆವಾರ್ತೆಯನ್ನು ಯಾವ ಕಾದಂಬರಿಕಾರನೂ ಕಟ್ಟಲಾರ.

ಈಗ ನಿಮ್ಮ ನಾಯಕನ ಹತ್ತಿರ ಬರೋಣ. ಸತ್ತವನನ್ನು ಮನೆಗೆ ಎಳೆದು ತರುವ ಸೆಳೆತ ಯಾವುದೋ, ಕಾವಲು ಕೂರಿಸುವ ಸೆಳೆತವೂ ಅದೇ. ಅವು ಎರಡು ಬೇರೆ ಬೇರೆ ಅಲ್ಲ. ಅವನಿಗೆ ಮನೆ ಬೇಕು. ಮನೆಯವರ ಉಸಿರು, ಮಾತು, ಬಿಸಿ ಬೇಕು. ಆ ಬೇಕು ಅನ್ನುವುದು ಒಂದು ರಾತ್ರಿ ಪ್ರೀತಿಯಾಗಿ ಕಾಣುತ್ತದೆ, ಮತ್ತೊಂದು ರಾತ್ರಿ ಹಸಿವಾಗಿ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತಿದೆ ಅಲ್ವಾ? ನಿಮ್ಮ ಕಾದಂಬರಿಯಲ್ಲಿ ಬೇಲಿಗೂ ಹಸಿವಿದೆ. ನೀವು ಹತ್ತು ಅಧ್ಯಾಯದಲ್ಲಿ ಒಂದು ಸಲವೂ ಅದನ್ನು ನೆನಪಿಸಿಲ್ಲ. ಅದಕ್ಕೇ ನಿಮ್ಮ ಗೆಳೆಯರಿಗೆ ಅವನು ಕತ್ತಿ ಹಿಡಿದ ಒಳ್ಳೆ ಮಾವನ ಹಾಗೆ ಕಂಡಿದ್ದಾನೆ.

ಹಾಗಾದರೆ ಆಧಾರ ಇಲ್ಲವೇ ಇಲ್ಲವೇ? ನೇರವಾಗಿ ಇಲ್ಲದಿದ್ದರೂ ಸುತ್ತಿ ಬಳಸಿ ಇದೆ. ಬಾಲ್ಕನ್ ನಾಡುಗಳಲ್ಲಿ ಧಾಂಪಿರ್ ಎಂಬ ನಂಬಿಕೆ ಇತ್ತು. ಸತ್ತು ಎದ್ದು ಬಂದ ಗಂಡನಿಂದ ವಿಧವೆಗೆ ಹುಟ್ಟಿದ ಮಗ ಅವನು. ಬೇರೆಯವರ ಕಣ್ಣಿಗೆ ಬೀಳದ ವ್ಯಾಂಪೈರ್ ಅವನಿಗೆ ಕಾಣುತ್ತದೆ. ಊರಿಗೆ ಕಾಟ ಶುರುವಾದರೆ ಅವನನ್ನು ಕರೆಸಿ, ದುಡ್ಡು ಕೊಟ್ಟು, ಓಡಿಸಲು ಹೇಳುತ್ತಿದ್ದರು. ವಿದ್ಯೆ ಮಗನಿಂದ ಮೊಮ್ಮಗನಿಗೆ ಇಳಿಯುತ್ತಿತ್ತು. ಅಂದರೆ ಶತ್ರುವಿನ ರಕ್ತವೇ ಕಾವಲು.

ಇಸ್ಟ್ರಿಯಾದಲ್ಲಿ ಕ್ರೆಸ್ನಿಕ್ ಮತ್ತು ಕುಡ್ಲಾಕ್ ಜೋಡಿ ಇದೆ. ಒಂದು ವಂಶಕ್ಕೆ ಒಬ್ಬ ಕಾಯುವವನು, ಒಬ್ಬ ಕೆಡಿಸುವವನು ಎಂಬ ನಂಬಿಕೆ. ಹುಟ್ಟುವಾಗ ಮಗುವಿಗೆ ಸುತ್ತಿಕೊಂಡ ಪೊರೆಯ ಬಣ್ಣ ನೋಡಿ ಯಾವನು ಯಾರು ಎಂದು ಹೇಳುತ್ತಿದ್ದರು. ಇಬ್ಬರೂ ರಾತ್ರಿ ದೇಹ ಬಿಟ್ಟು, ಪ್ರಾಣಿ ರೂಪದಲ್ಲಿ ಕಾದಾಡುತ್ತಾರೆ. ಕುಡ್ಲಾಕ್ ಸತ್ತ ಮೇಲೆ ಇನ್ನೂ ಕೆಟ್ಟವನಾಗಿ ಎದ್ದು ಬರುತ್ತಾನೆ. ನಿಮ್ಮ ನಾಯಕ ಈ ಇಬ್ಬರನ್ನೂ ಒಂದೇ ಚರ್ಮದೊಳಗೆ ಹೊತ್ತುಕೊಂಡವನು ಅಂತ ಯೋಚಿಸಿ ನೋಡಿ.

ನಮ್ಮ ಬೇತಾಳನನ್ನು ಮರೆಯಬೇಡಿ. ಅವನು ವ್ಯಾಂಪೈರ್ ಅಲ್ಲ, ಹೆಣದೊಳಗೆ ಸೇರಿಕೊಂಡ ಭೂತ. ಆದರೂ 11ನೇ ಶತಮಾನದ ಕಥಾಸರಿತ್ಸಾಗರದಲ್ಲೇ ಇರುವ ಆ ಕಥೆಯ ಕೊನೆ ನೆನಪಿಸಿಕೊಳ್ಳಿ. ಹೆಣ ಹೊತ್ತು ತರಲು ಹೇಳಿದ ಭಿಕ್ಷು ರಾಜನನ್ನೇ ಬಲಿ ಕೊಡಲು ಕಾದಿದ್ದಾನೆ. ಅದನ್ನು ರಾಜನಿಗೆ ಹೇಳಿ ಉಳಿಸುವುದು ಹೆಗಲ ಮೇಲಿನ ಬೇತಾಳ. ಅವನು ರಾಜನಿಗಾಗಿ ಒಂದು ಏಟೂ ಹೊಡೆಯುವುದಿಲ್ಲ ಅನ್ನುವುದನ್ನು ಗಮನಿಸಿ. ಉಪಾಯ ಹೇಳಿಕೊಡುತ್ತಾನೆ, ಅಷ್ಟೇ. "ಅಡ್ಡ ಬೀಳು ಎಂದರೆ, ಹೇಗೆ ಅಂತ ನೀನೇ ತೋರಿಸು ಎನ್ನು." ಕಾಯುವುದು ಅಂದರೆ ಯಾವಾಗಲೂ ಹೊಡೆದಾಡುವುದೇ ಆಗಬೇಕಿಲ್ಲ.

ಇನ್ನು ಹತ್ತಿರದ ಕಾಲದ್ದು. ಅಮೆರಿಕದ 'ಡಾರ್ಕ್ ಶಾಡೋಸ್' ಎಂಬ ದಿನಾ ಬರುವ ಟಿವಿ ಧಾರಾವಾಹಿ 1966ರಲ್ಲಿ ಶುರುವಾಯಿತು. ಅದಕ್ಕೆ 1967ರಲ್ಲಿ ಬಾರ್ನಬಾಸ್ ಕಾಲಿನ್ಸ್ ಎಂಬ ವ್ಯಾಂಪೈರ್ ಸೇರಿದ. ಇಂಗ್ಲೆಂಡಿನಿಂದ ಬಂದ ದೂರದ ಸಂಬಂಧಿ ಎಂದು ಸುಳ್ಳು ಹೇಳಿ ತನ್ನ ವಂಶದವರ ಮನೆಗೇ ಬರುತ್ತಾನೆ. ಸ್ವಲ್ಪ ದಿನದ ಪಾತ್ರ ಅಂತ ತಂದವನು ಕೊನೆಯವರೆಗೂ ಉಳಿದ. ಬರಬರುತ್ತಾ ಆ ಕುಟುಂಬದ ಕಾವಲುಗಾರನೇ ಆದ. ನಿಮಗೆ ಬೇಕಾದ ವಿಷಯ ಇಷ್ಟು: ಅವನನ್ನು ಹೀಗೆ ಮಾಡಿದ್ದು ಒಬ್ಬ ಮಾಟಗಾತಿಯ ಶಾಪ. ಅವನು ಅವಳಿಗೆ ಪ್ರೀತಿ ತೋರಿಸಿ ಆಮೇಲೆ ಕೈಬಿಟ್ಟಿದ್ದ. ಅಂದರೆ ಮನೆಗೆ ಬಂದ ಶತ್ರು ಆಕಾಶದಿಂದ ಉದುರಿದವಳಲ್ಲ. ಅವನ ಹಳೆ ತಪ್ಪನ್ನು ಹಿಂಬಾಲಿಸಿ ಬಂದವಳು.

ಇದು ನಿಮ್ಮ ಶತ್ರುಗಳ ವಿಚಾರಕ್ಕೆ ಕರೆದುಕೊಂಡು ಹೋಗುತ್ತದೆ. ನೀವು ಸಾಲಾಗಿ ನಿಲ್ಲಿಸಿದ್ದೀರಿ: ಮಾಟಗಾತಿ, ತೋಳಮಾನವ, ಮತ್ತೆ ಮಾಟಗಾತಿ. ಅವರೆಲ್ಲ ಅವನಿಗಿಂತ ಸ್ವಲ್ಪ ಕಡಿಮೆ ಬಲದವರು. ಆದ್ದರಿಂದ ಒಬ್ಬೊಬ್ಬರೂ ಸೋಲುತ್ತಾರೆ. ಓದುಗರಿಗೆ ಮೂರನೆಯ ಸಲಕ್ಕೇ ಲೆಕ್ಕ ಸಿಕ್ಕಿಬಿಡುತ್ತದೆ. ಶತ್ರುವಿನ ಬಲ ಹೆಚ್ಚಿಸಿದರೆ ಸಾಲದು. ಅವನ ಬಲ ಕೆಲಸಕ್ಕೆ ಬಾರದಂಥ ಶತ್ರು ಬೇಕು.

ಉದಾಹರಣೆಗೆ ದೇಹವೇ ಇಲ್ಲದ ಪ್ರೇತ. ಅದನ್ನು ಕಚ್ಚುವುದು ಎಲ್ಲಿ? ಅದು ಮೊಮ್ಮಗಳ ಕನಸಿನಲ್ಲಿ ಬಂದು ಕೂತರೆ ಅವನು ಬಾಗಿಲಲ್ಲಿ ನಿಂತು ಏನು ಮಾಡುತ್ತಾನೆ? ಅಥವಾ ಅವನನ್ನು ವ್ಯಾಂಪೈರ್ ಮಾಡಿದವನೇ ಬರಲಿ. ತೋಳಮಾನವನ ವಿಷಯಕ್ಕೆ ಬಂದರೆ, ವ್ಯಾಂಪೈರ್ ಮತ್ತು ತೋಳಮಾನವ ಹುಟ್ಟು ಶತ್ರುಗಳು ಅನ್ನುವುದು ಬಹುತೇಕ ಸಿನಿಮಾ ಬೆಳೆಸಿದ ಮಾತು. ಸರ್ಬಿಯನ್ ಭಾಷೆಯ 'ವುಕೊಡ್ಲಾಕ್' ಪದಕ್ಕೆ ತೋಳದ ಕೂದಲಿನವನು ಎಂಬ ಅರ್ಥ. ಜನ ಅದನ್ನು ವ್ಯಾಂಪೈರ್‌ಗೇ ಬಳಸುತ್ತಿದ್ದರು. ಬದುಕಿದ್ದಾಗ ತೋಳವಾಗಿ ತಿರುಗಿದವನು ಸತ್ತ ಮೇಲೆ ವ್ಯಾಂಪೈರ್ ಆಗುತ್ತಾನೆ ಎಂಬ ನಂಬಿಕೆಯೂ ಇತ್ತು. ಅಂದಮೇಲೆ ನಿಮ್ಮ ತೋಳಮಾನವ ಅವನ ಎದುರಾಳಿ ಅನ್ನುವುದಕ್ಕಿಂತ ಅವನ ಹಿಂದಿನ ರೂಪ. ಅವನನ್ನು ಕೊಂದರೆ ಇನ್ನೊಬ್ಬ ವ್ಯಾಂಪೈರ್ ಎದ್ದು ಬರುತ್ತಾನೆ. ಕೊಲ್ಲದಿದ್ದರೆ ಮನೆಗೆ ಅಪಾಯ. ಈಗ ನೋಡಿ, ಅದೇ ಹಳೆ ಹೊಡೆದಾಟಕ್ಕೆ ಒಂದು ತೊಡಕು ಬಂತು.

ಹಳೆಯ ನಂಬಿಕೆಗಳಲ್ಲಿ ಇನ್ನೊಂದು ಸೊಗಸಾದ ತೊಡಕು ಇದೆ. ಪೂರ್ವ ಯುರೋಪಿನಲ್ಲಿ ಗೋರಿಯ ಮೇಲೆ ಗಸಗಸೆಯನ್ನೋ ಸಣ್ಣ ಕಾಳನ್ನೋ ಚೆಲ್ಲುತ್ತಿದ್ದರು. ವ್ಯಾಂಪೈರ್ ಅದನ್ನು ಕಂಡರೆ ಒಂದೊಂದೇ ಎಣಿಸಲೇಬೇಕು, ಅಷ್ಟರಲ್ಲಿ ಬೆಳಕು ಹರಿಯುತ್ತದೆ. ಹೀಗೆ ಹೇಳಿದರೆ ನಗು ಬರುತ್ತದೆ, ನಿಜ. ಆದರೆ ಮಾಟಗಾತಿ ಅಂಗಳದಲ್ಲಿ ಒಂದು ಬೊಗಸೆ ಗಸಗಸೆ ಚೆಲ್ಲಿ ಒಳಗೆ ಹೋಗುತ್ತಾಳೆ ಅಂತಿಟ್ಟುಕೊಳ್ಳಿ. ಮನೆಯೊಳಗೆ ಕೂಗು. ಅವನು ಮಂಡಿಯೂರಿ ಎಣಿಸುತ್ತಿದ್ದಾನೆ. ಕಣ್ಣಲ್ಲಿ ನೀರು, ಬಾಯಲ್ಲಿ ಸಂಖ್ಯೆ. ನಿಲ್ಲಿಸಲು ಆಗುವುದಿಲ್ಲ. ನಿಮ್ಮ ಹತ್ತು ಅಧ್ಯಾಯದಲ್ಲಿ ಇಂಥ ಒಂದು ರಾತ್ರಿ ಇದ್ದಿದ್ದರೆ ಗೆಳೆಯರು ಆ ದೂರು ಹೇಳುತ್ತಿರಲಿಲ್ಲ.

ನಿಯಮಗಳನ್ನು ಆರಿಸುವಾಗ ಸಿನಿಮಾದಲ್ಲಿ ನೋಡಿದ್ದನ್ನೆಲ್ಲ ತುಂಬಬೇಡಿ. ಬಿಸಿಲು ತಾಗಿದರೆ ಸಾಯುತ್ತಾನೆ ಅನ್ನುವುದು 1922ರ ಜರ್ಮನ್ ಮೂಕಿ ಚಿತ್ರ 'ನೊಸ್ಫೆರಾಟು'ವಿನಿಂದ ನೆಲೆಯೂರಿದ್ದು. 1897ರ 'ಡ್ರಾಕುಲಾ' ಕಾದಂಬರಿಯ ಕೌಂಟ್ ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಮಾತ್ರ ಕಡಿಮೆ. ಎರಡು ಮೂರು ನಿಯಮ ಸಾಕು. ಆದರೆ ಪ್ರತಿ ನಿಯಮವೂ ಕಾವಲಿನ ಕೆಲಸಕ್ಕೇ ಅಡ್ಡ ಬರಬೇಕು. ಬೆಳ್ಳುಳ್ಳಿ ಅಲಂಕಾರಕ್ಕೆ ಬೇಡ.

ನನ್ನ ಆಯ್ಕೆ ಹೊಸ್ತಿಲು. ಕರೆಯದೆ ಒಳಗೆ ಬರುವಂತಿಲ್ಲ ಎಂಬ ನಿಯಮ 'ಡ್ರಾಕುಲಾ'ದಲ್ಲಿ ಸ್ಪಷ್ಟವಾಗಿದೆ. ಒಮ್ಮೆ ಕರೆದರೆ ಮುಗಿಯಿತು, ಆಮೇಲೆ ಬೇಕೆಂದಾಗ ಬರಬಹುದು. ಈ ನಿಯಮ ಇಟ್ಟುಕೊಂಡರೆ ಮನೆ ತಾನೇ ಒಂದು ಕೋಟೆ. ಹೊರಗಿನ ಬೇರೆ ವ್ಯಾಂಪೈರ್‌ಗಳಿಂದ ಕಾಯಲು ನಿಮ್ಮ ನಾಯಕನೇ ಬೇಕಿಲ್ಲ, ಬಾಯಿ ಮುಚ್ಚಿಕೊಂಡು ಕೂತರೆ ಸಾಕು! ಆದ್ದರಿಂದ ಭಯ ಇರುವುದು ಬಾಯಿಯಲ್ಲಿ. ಯಾರು 'ಬನ್ನಿ' ಅನ್ನುತ್ತಾರೆ? ಮರೆವಿನ ಅಜ್ಜಿಯೇ, ಸಿಟ್ಟಾದ ಸೊಸೆಯೇ, ಒಂಟಿ ಹುಡುಗಿಯೇ? ಮುಖ್ಯವಾಗಿ, ನಿಮ್ಮ ನಾಯಕನನ್ನು 200 ವರ್ಷದ ಹಿಂದೆ ಒಳಗೆ ಕರೆದವರು ಯಾರು? ಆ ಕರೆಯನ್ನು ಹಿಂದೆ ತೆಗೆದುಕೊಳ್ಳಲು ಬರುತ್ತದೆಯೇ? ಬರುವುದಿಲ್ಲ ಅಂತಾದರೆ ಮನೆಯವರು ಎಲ್ಲರ ವಿರುದ್ಧವೂ ಬಾಗಿಲು ಹಾಕಿಕೊಳ್ಳಬಹುದು, ಅವನೊಬ್ಬನ ವಿರುದ್ಧ ಮಾತ್ರ ಆಗುವುದಿಲ್ಲ.

ಗ್ರೀಕ್ ದ್ವೀಪಗಳಲ್ಲಿ ವ್ರಿಕೊಲಾಕಸ್ ಎಂಬ ಎದ್ದ ಹೆಣದ ಬಗ್ಗೆ ಒಂದು ನಂಬಿಕೆ ಇತ್ತು. ಅದು ಬಾಗಿಲನ್ನು ಒಂದೇ ಸಲ ತಟ್ಟುತ್ತದೆ. ಹಾಗಾಗಿ ಮೊದಲ ತಟ್ಟಿಗೆ ಯಾರೂ ಓಗೊಡುವುದಿಲ್ಲ, ಎರಡನೆಯದಕ್ಕೆ ಕಾಯುತ್ತಾರೆ. ಇದನ್ನು ನಿಮ್ಮ ಮನೆಗೆ ತನ್ನಿ. ನಮ್ಮವನು ಎರಡು ಸಲ ತಟ್ಟುತ್ತಾನೆ ಎಂದು ಮೊಮ್ಮಗಳಿಗೆ ಗೊತ್ತು. ಒಂದು ರಾತ್ರಿ ಅವನು ಗಾಯಗೊಂಡು, ಹಸಿದು ಬಂದು ಒಂದೇ ಸಲ ತಟ್ಟುತ್ತಾನೆ. ಸುಸ್ತಿಗೋ, ಬೇಕೆಂದೋ? ತೆರೆಯಬೇಡ ಅಂತ ಹೇಳಿದ್ದೋ?

ಹಸಿವಿನ ಮಾತು ಬಂತು. ಅವನು ಎಲ್ಲಿ ಕುಡಿಯುತ್ತಾನೆ ಅನ್ನುವುದನ್ನು ನೀವು ಪೂರ್ತಿ ನುಂಗಿಬಿಟ್ಟಿದ್ದೀರಿ. ಓದುಗ ಮೊದಲು ಕೇಳುವುದೇ ಅದನ್ನು. ಒಂದು ಲೆಕ್ಕ ಹಾಕೋಣ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ರಕ್ತದಾನದಲ್ಲಿ ಒಂದು ಸಲಕ್ಕೆ ತೆಗೆಯುವುದು 350ರಿಂದ 450 ಮಿಲಿಲೀಟರ್. ಮತ್ತೆ ಕೊಡಲು ಕೆಲವು ತಿಂಗಳು ಬಿಡಬೇಕು, ಮೂರು ಅಂತಿಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ ಅಜ್ಜಿಯಿಂದ ತೆಗೆಯುವಂತಿಲ್ಲ, ಮಗುವಿನಿಂದ ತೆಗೆಯುವಂತಿಲ್ಲ. ಉಳಿದವರು ಇಬ್ಬರು. ಅಂದರೆ ವರ್ಷಕ್ಕೆ 8 ಸಲ. ಒಂದೂವರೆ ತಿಂಗಳಿಗೆ ಒಂದು ಊಟ! ಅದೂ ದೊಡ್ಡ ಲೋಟದಷ್ಟು. ನಡುವಿನ ದಿನ ಏನು? ಪ್ರಾಣಿಗಳೇ, ಕಳ್ಳತನವೇ, ಊರಿನಲ್ಲಿ ಯಾರಿಗೂ ಬೇಡವಾದವರೇ? ಮನೆಯವರು ಉಳಿಯಲಿ ಎಂದು ಹೊರಗಿನವರನ್ನು ಕುಡಿಯುತ್ತಿದ್ದರೆ, ಅದು ಮನೆಯವರಿಗೆ ಗೊತ್ತಿದೆಯೇ? ಗೊತ್ತಿದ್ದೂ ಸುಮ್ಮನಿದ್ದಾರೆಯೇ? ಹೊಡೆದಾಟದಲ್ಲಿ ಅವನಿಗೆ ಗಾಯವಾದಷ್ಟೂ ಹಸಿವು ಜಾಸ್ತಿ ಎಂದು ಮಾಡಿ. ಆಗ ಪ್ರತಿ ಗೆಲುವಿನ ಮರುದಿನವೂ ಮನೆಗೆ ಒಂದು ಬಿಲ್ ಬರುತ್ತದೆ.

200 ವರ್ಷದ ಬಗ್ಗೆಯೂ ಒಂದು ಮಾತು. ತಲೆಮಾರಿಗೆ 25 ವರ್ಷ ಹಿಡಿದರೆ ಎಂಟು ತಲೆಮಾರು. ಎಂಟು ತಲೆಮಾರು ಹಿಂದಕ್ಕೆ ಹೋದರೆ ಆ ಪುಟ್ಟ ಹುಡುಗಿಗೆ 256 ಹಿರಿಯರು. ಅವನು ಮಾತು ಕೊಟ್ಟದ್ದು ಅವರಲ್ಲಿ ಒಬ್ಬರಿಗೆ. ಇನ್ನೊಂದು ಕಡೆಯಿಂದ ನೋಡಿ: ಆ ಒಬ್ಬರ ಮಕ್ಕಳ ಮಕ್ಕಳು ಈಗ ನೂರಾರು ಜನ ಇರಬಹುದು. ಹಾಗಿದ್ದರೆ ಈ ಮನೆಯನ್ನೇ ಯಾಕೆ ಕಾಯುತ್ತಾನೆ? ಉಳಿದವರನ್ನು ಯಾವಾಗ ಕೈಬಿಟ್ಟ? ರಕ್ತಸಂಬಂಧ ಅನ್ನುವ ಉತ್ತರ ಸಾಲುವುದಿಲ್ಲ. ಹುಡುಗಿಯ ನಗುವಿನಲ್ಲಿ ಸತ್ತವಳೊಬ್ಬಳ ನಗು ಕಂಡಿರಬೇಕು, ಅಥವಾ ಹಿಂದೆ ಒಂದು ಕವಲಿನ ಮನೆಯನ್ನು ಅವನೇ ಮುಗಿಸಿರಬೇಕು. ಎರಡನೆಯದನ್ನು ನಾನು ಆರಿಸುತ್ತೇನೆ. ಆರನೇ ಅಧ್ಯಾಯದ ಹೊತ್ತಿಗೆ ಅದು ಸೊಸೆಗೆ ಗೊತ್ತಾಗಲಿ. ಅವಳು ಆ ವಂಶದವಳಲ್ಲ, ಅವನಿಗೆ ಅವಳ ಮೇಲೆ ಹಂಗಿಲ್ಲ. ಅವಳಿಗೂ ಅವನ ಮೇಲಿಲ್ಲ.

ಅವಳೇ ಗೂಟ ಹಿಡಿದವರನ್ನು ಕರೆಸಿದರೆ ಏನಾಗುತ್ತದೆ ಎಂದು ಯೋಚಿಸಿ. ಅವರು ಕೆಟ್ಟವರಲ್ಲ. ಅವರು ಹೇಳುವುದರಲ್ಲಿ ನ್ಯಾಯ ಇದೆ. ನಿಮ್ಮ ಮಾಟಗಾತಿಯರನ್ನೆಲ್ಲ ಸೇರಿಸಿದರೂ ಇಂಥ ಒಬ್ಬ ಎದುರಾಳಿಗೆ ಸಮ ಆಗುವುದಿಲ್ಲ.

ಕೊನೆಯ ಪ್ರಶ್ನೆ, ಅವನನ್ನು ಮನುಷ್ಯನನ್ನಾಗಿ ಮಾಡಬಹುದೇ. ಮಾಡಬಹುದು, ಆದರೆ ಬಹುಮಾನದಂತೆ ಕೊಡಬೇಡಿ. ಅವನು ಮನುಷ್ಯನಾದ ರಾತ್ರಿಯಿಂದ ಮನೆಗೆ ಕಾವಲಿಲ್ಲ. ಮಾಟಗಾತಿ ಇನ್ನೂ ಬದುಕಿದ್ದಾಳೆ. ಅವನಿಗೆ ಮನುಷ್ಯನಾಗುವ ಮದ್ದು ಬೇಕು, ಮಗನಿಗೆ ಕಾವಲು ಬೇಕು, ಸೊಸೆಗೆ ಎರಡೂ ಬೇಡ. ಹೀಗಿದ್ದಾಗ ಮದ್ದಿನ ಸೀಸೆ ಯಾರ ಕೈಯಲ್ಲಿ ಇದೆ ಅನ್ನುವುದನ್ನು ಮಾತ್ರ ಮೊದಲೇ ನಿರ್ಧರಿಸಿ. ನಾನಾದರೆ ಅಜ್ಜಿಯ ಕೈಯಲ್ಲಿ ಇಡುತ್ತೇನೆ. ಅವಳು ಒಂಬತ್ತು ವರ್ಷದವಳಿದ್ದಾಗ ಎರಡು ಸಲ ಬಾಗಿಲು ತಟ್ಟಿದವನು ಅವನೇ. ಅವಳಿಗೆ ಈಗ ಕಿವಿ ಮಂದ.